ವಿಯೆನ್ನಾದ ಕಾಫಿಮನೆಯಲ್ಲಿ ಒಂದು ಜೋಗುಳ

ಇಲ್ಲಿ ಕಾಫಿಯ ಜೊತೆ ಕೇಳದೆಯೇ ಒಂದು ಲೋಟ ನೀರು ತಂದಿಡುತ್ತಾರೆ. ನನ್ನ ಹೆಂಡತಿ ಶಾಂತಾ ಸೇಬು ತುಂಬಿದ ತಿಂಡಿಯನ್ನು ಮುರಿದು, "ನೀಲವ್ವಗ ಇದು ಭಾಳ ಸೇರ್ತಿತ್ರಿ," ಎಂದಳು. ನನ್ನ ತರಬೇತಿ ಮುಗಿಯುವವರೆಗೆ ಎಳೆಯ ಮಗಳು ನೀಲವ್ವನನ್ನು ಆಳಂದದಲ್ಲಿ ಅತ್ತೆಯ ಬಳಿ ಬಿಟ್ಟು ಬಂದಿದ್ದೇವೆ. ಆ ಮನೆಯಲ್ಲಿ ಫೋನಿಲ್ಲ.

ಪಿಯಾನೋ ನುಡಿಸುತ್ತಿದ್ದ ಮುದುಕ ನಮ್ಮತ್ತ ತಿರುಗಿ, ನಿಮ್ಮೂರಿನ ಹಾಡೊಂದನ್ನು ಹಾಡಿ, ನಾನು ನುಡಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಜೋಗುಳ ಬಿಟ್ರ ನನಗ ಏನೂ ಬರಂಗಿಲ್ರಿ," ಎಂದಳು ಶಾಂತಾ.

"ಅದನ್ನ ಹಾಡು," ಎಂದೆ.

ಹಾಡಿದಳು. ಎರಡನೆಯ ಸಾಲಿಗೆ ಪಿಯಾನೋ ಅವಳ ದನಿಗೆ ಕೂಡಿಕೊಂಡಿತು. ಮಗಳ ಹೆಸರು ಬರುವಲ್ಲಿ ಅವಳ ಹಾಡು ನಿಂತಿತು. ಮುದುಕ ಅದೇ ಸ್ವರವನ್ನು ಮತ್ತೆ ಮತ್ತೆ ಮೆಲ್ಲಗೆ ಮುಟ್ಟುತ್ತ ಕಾದ.

ಯಾವತ್ತೂ ಹಾಡದ ನಾನು, "ನೀಲವ್ವಾ," ಎಂದು ಅದೇ ಸ್ವರಕ್ಕೆ ದನಿಯೆತ್ತಿದೆ.