ಭಟ್ಟಿ ಆಯಿಯ ತವರು

ಭಟ್ಟಿ ಆಯಿಗೆ ಹುಬ್ಬುಗಳೇ ಇರಲಿಲ್ಲ. ಮಂಡಕ್ಕಿ ಹುರಿಯುವ ಭಟ್ಟಿಯ ಝಳಕ್ಕೆ ಎರಡೂ ಸುಟ್ಟುಹೋಗಿದ್ದವು. ಹಬ್ಬದ ದಿನ ಮಾತ್ರ ಕಾಡಿಗೆಯಲ್ಲಿ ಎರಡು ಗೆರೆ ಎಳೆದುಕೊಂಡು, ಒಂದು ಮೇಲೆ, ಒಂದು ಕೆಳಗೆ, ಜಂಬದಿಂದ ಓಣಿಯಲ್ಲಿ ಓಡಾಡುತ್ತಿದ್ದಳು.

ನಿಜಾಮರ ಕಾಲ ಅದು. ತುಂಗಭದ್ರೆ ಉಕ್ಕಿ ತನ್ನ ಊರೇ ಕೊಚ್ಚಿಹೋದಾಗ ಆಯಿ ಹೊಳೆಯಾಚೆಯ ಇಂಗ್ಲಿಷರ ಸೀಮೆಯಿಂದ ಮಸ್ಕಿಗೆ ಬಂದವಳು. ವರ್ಷಗಟ್ಟಲೆ ಅವಳ ಮಂಡಕ್ಕಿ ತಿಂದ ಬಾಯಿಗಳೇ ಜಗಳ ಬಂದರೆ 'ಗೈರ್‌ಮುಲ್ಕಿ' ಎನ್ನುತ್ತಿದ್ದವು, ಪರಸೀಮೆಯವಳು ಅಂತ. ಅವಳು ನಕ್ಕು ಒಲೆಗೆ ಹೊಟ್ಟು ತುಂಬುತ್ತಿದ್ದಳು.

ನಾನು ಲಿಂಗಸುಗೂರಿನಿಂದ ಸೊಸೆಯಾಗಿ ಬಂದ ವರ್ಷ, ಗಲಭೆಗೆ ಹೆದರಿ ಹೊಳೆಸಾಲಿನ ಹಳ್ಳಿ ಬಿಟ್ಟ ಕುಟುಂಬಗಳು ಮಸ್ಕಿಗೆ ಬಂದವು. ಆಯಿ ತನ್ನ ಚಪ್ಪರದಲ್ಲೇ ಅವರನ್ನು ಇಳಿಸಿಕೊಂಡು ಕೆಲಸ ಕಲಿಸಿದಳು. ಸಿಹಿನೀರಿನ ಬಾವಿಗೆ ಬಿಡಲು ಮಾತ್ರ ಊರು ಒಪ್ಪಲಿಲ್ಲ. ಯಾವ ಊರೋ, ಯಾವ ಜಾತಿಯೋ ಎಂದರು. ಎಲ್ಲರಿಗಿಂತ ಜೋರು ನಮ್ಮತ್ತೆ. ಹಳ್ಳಿ ಬಿಟ್ಟು ಬಂದವರ ಮಕ್ಕಳು ಹಳ್ಳದ ರಾಡಿ ನೀರು ಕುಡಿದು ವಾಂತಿ ಮಾಡಿಕೊಳ್ಳತೊಡಗಿದವು.

ಒಂದು ಮುಂಜಾನೆ ಆಯಿ ಆ ಹೆಂಗಸರನ್ನೆಲ್ಲ ಕರೆದುಕೊಂಡು ಬಾವಿಕಟ್ಟೆಗೆ ಬಂದಳು. ಕೂಗಾಡಲಿಲ್ಲ.

"ಹೊರಗಿನವರು ನೀರು ಮುಟ್ಟಬಾರದಂದ್ರ ಆತವ್ವ. ಈ ಊರಾಗ ಹುಟ್ಟಿದವ್ರು ಯಾರದೀರಿ, ತುಂಬಿಕೊಳ್ರಿ. ಉಳಿದವರು ನಾವೆಲ್ಲ ಹಿಂದಕ ಸರಿಯೋಣು."

ಕೊಡ ಹಿಡಿದವರು ಮುಖ ಮುಖ ನೋಡಿಕೊಂಡರು. ಒಬ್ಬಳು ಸಿಂಧನೂರಿನವಳು, ಇನ್ನೊಬ್ಬಳು ಪಾಮನಕಲ್ಲೂರಿನವಳು; ಎಲ್ಲರೂ ಮದುವೆಯಾಗಿ ಬಂದವರೇ. ಸೋದರಮಾವನನ್ನು ಕಟ್ಟಿಕೊಂಡು ಹುಟ್ಟಿದೂರಲ್ಲೇ ಉಳಿದವಳು ನಮ್ಮತ್ತೆಯೊಬ್ಬಳೇ. ಅತ್ತೆಯ ಮುಖ ನೋಡದೆ ನಾನು ಆಯಿಯ ಪಕ್ಕಕ್ಕೆ ಹೋಗಿ ನಿಂತೆ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಕಟ್ಟೆಯ ಮೇಲೆ ಒಂಟಿಯಾದ ಅತ್ತೆ ಬಿಗುಮಾನದಿಂದಲೇ ಹಗ್ಗ ಹಿಡಿದಳು. ಆಮೇಲೆ ನೀರು ಸೇದಿ, ಬಂದವರಲ್ಲಿ ಬಸುರಿಯೊಬ್ಬಳ ಕೊಡಕ್ಕೆ ಸುರಿದಳು. "ನಾ ಒಬ್ಬಾಕಿ ಎಷ್ಟಂತ ಸೇದ್ಲಿ? ಬರ್ರಿ ಎಲ್ಲಾರೂ" ಎಂದಳು.

ಅವತ್ತು ನನಗೂ ಮಸ್ಕಿ ನನ್ನೂರಾಯಿತು. ಅದನ್ನು ಕೊಟ್ಟವಳು ಆಯಿ ಎಂದು ಎಲ್ಲಿ ಬೇಕಾದರೂ ಹೆಮ್ಮೆಯಿಂದ ಹೇಳುತ್ತೇನೆ.

ಅವಳು ತೀರಿಕೊಂಡಾಗ ಓಣಿಯಲ್ಲಿ ಹೊಸದೊಂದು ಚಿಂತೆ. ಸತ್ತ ಹೆಣ್ಣಿಗೆ ತವರಿನವರು ಸೀರೆ ಹೊದಿಸಬೇಕು. ಆಯಿಯ ತವರು ಎಂದೋ ಹೊಳೆಯ ಪಾಲಾಗಿತ್ತು. ಹಿರಿಯರು ಗುಸುಗುಸು ಮಾತಾಡುತ್ತಿರುವಾಗಲೇ ಅತ್ತೆ ಮನೆಗೆ ಹೋಗಿ, ಟ್ರಂಕಿನಿಂದ ತನ್ನ ಇಳಕಲ್ ಸೀರೆ ತಂದಳು.

"ಸರೀರಿ, ತವರಿನವರು ಬಂದೀವಿ" ಎಂದು ತಾನೇ ಹೊದಿಸಿದಳು.