ಗೌರವ್ವ ಬರೆದ ನವಿಲು

ಬೆಳಗಾವಿಯ ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದ ಸಿದ್ದಕ್ಕ ೧೯೮೩ರಲ್ಲಿ ‘ನಡುಮನಿ’ ಎಂಬ ಹೆಂಗಸರ ಪತ್ರಿಕೆ ತೆಗೆಯುತ್ತಿದ್ದಳು. ಪತ್ರಿಕೆ ಅಂದರೆ ಎಂಟೇ ಹಾಳೆ. ಮೇಣದ ಹಾಳೆಯ ಮೇಲೆ ಕೊರೆದು, ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುವಿ, ಸೆರಗಿಗೆಲ್ಲ ಮಸಿ ಮಾಡಿಕೊಂಡು ಇನ್ನೂರು ಪ್ರತಿ ಹೊರಡಿಸುವಳು.

ಬರೆಯಲು ಬಾರದವರ ಮಾತನ್ನು ಖಾನಾಪುರದ ಸಂತೆಯಲ್ಲಿ ಕೂತು ತಾನೇ ಬರೆದುಕೊಳ್ಳುತ್ತಿದ್ದಳು. ಮನೆಯವರಿಗೆ ಗೊತ್ತಾದೀತೆಂದು ಯಾರ ಹೆಸರೂ ಹಾಕುವಂತಿರಲಿಲ್ಲ.

“ಹಂಗಾದ್ರ ಇದು ನಂದಂತ ನನಗರ ಹೆಂಗ ಗೊತ್ತಾಗಬೇಕ್ರಿ ಅಕ್ಕೋರ?” ಎಂದು ಸಂತೆಗೆ ಬಂದಿದ್ದ ಖಾನಾಪುರದ ಗೌರವ್ವ ಕೇಳಿದಳು.

ಸಿದ್ದಕ್ಕನಿಗೆ ಉಪಾಯ ಹೊಳೆಯಿತು: ಹೆಸರಿನ ಬದಲು ಬರಹದ ಕೆಳಗೆ ಅವರವರ ರಂಗೋಲಿ. ಗಂಡ ಹೊಡೆಯುವುದನ್ನೂ, ಅತ್ತೆ ಸುಮ್ಮನೆ ನೋಡುತ್ತ ಕೂಡುವುದನ್ನೂ ಹೇಳಿ ಮುಗಿಸಿ, ಗೌರವ್ವ ಹಿಂದಕ್ಕೆ ತಿರುಗಿ ನೋಡುವ ನವಿಲೊಂದನ್ನು ಬರೆದಳು. ಅವಳ ತಾಯಿ ಕಲಿಸಿದ್ದು. ಆ ಓಣಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಅತ್ತೆ ಕಾಡವ್ವನಿಗೆ ಅಕ್ಷರದ ಗಂಧ ಇರಲಿಲ್ಲ. ಆದರೆ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಹಾಳೆಯಲ್ಲಿ ಆ ನವಿಲಿತ್ತು. ಬಾಜೂ ಮನೆಯವರಿಂದ ಓದಿಸಿದಳು. ಅಂದೇ ಗೌರವ್ವನನ್ನು ಹೊರಗೆ ಹಾಕಿದರು. ಐದು ವರ್ಷದ ಮಗಳನ್ನು ಮಾತ್ರ ಒಳಗೇ ಇಟ್ಟುಕೊಂಡರು.

ಗೌರವ್ವ ಬೆಳಗಾವಿಗೆ ಬಂದು ಮಿಲಿಟರಿ ಕ್ಯಾಂಪಿನ ಬಂಗಲೆಯೊಂದರಲ್ಲಿ ಪಾತ್ರೆ-ಭಾಂಡಿ ತಿಕ್ಕಲು ನಿಂತಳು. ಸಿದ್ದಕ್ಕ ಅವಳ ಮುಂದೆ ಕಣ್ಣೀರು ಹಾಕಿದಳು. “ತಪ್ಪು ನಂದವಾ. ಓದಾಕ ಬರಾವರಷ್ಟ ನೋಡ್ತಾರಂತ ತಿಳದಿದ್ದೆ.”

“ಆರು ವರ್ಷ ದಿನಾ ಮುಂಜಾನೆ ಬಾಗಲಾಗ ನಾ ಹಾಕಿದ ಆ ನವಲಿಗೆ ಹೆಸರಿಟ್ಟು ಬೈದಾಕಿ ನಮ್ಮತ್ತಿ. ಗುರುತ ಹಿಡೀದ ಬಿಡ್ತಾಳೇನ್ರಿ?” ಗೌರವ್ವ ನಗಲು ನೋಡಿದಳು, ಆಗಲಿಲ್ಲ. “ಈ ಸಲ ನನ್ನ ಹೆಸರ ಹಾಕ್ರಿ. ನಿಮ್ಮವ್ವ ನಿನ್ನ ಬಿಟ್ಟು ಬರಲಿಲ್ಲ, ಕಸಗೊಂಡ್ರು ಅಂತ ಮಗಳಿಗೆ ಬರೀರಿ. ಆಕೀಗಿ ಓದಾಕ ಬರೂತನಕ ಒಂದ್ ಪ್ರತಿ ತಗದಿಡ್ರಿ.”

ಸಿದ್ದಕ್ಕ ಹಾಗೆಯೇ ಅಚ್ಚು ಹಾಕಿ ಒಂದು ಪ್ರತಿ ತೆಗೆದಿಟ್ಟಳು. ಗೌರವ್ವನ ಗತಿ ಕಂಡ ಖಾನಾಪುರದ ಹೆಂಗಸರು ಮಾತ್ರ ಸಂತೆಯಲ್ಲಿ ಸಿದ್ದಕ್ಕನ ಬಳಿ ಕೂಡುವುದನ್ನೇ ಬಿಟ್ಟರು. ‘ನಡುಮನಿ’ ೮೬ರಲ್ಲಿ ನಿಂತಿತು.

೮೮ರ ಜೂನ್‌ನಲ್ಲಿ ಸಿದ್ದಕ್ಕ ಖಾನಾಪುರದ ಸಾಲಿಗೆ ಹೋಗಿ ಗೌರವ್ವನ ಮಗಳ ಬಗ್ಗೆ ವಿಚಾರಿಸಿದಳು.

“ಕಾಡವ್ವನ ಮೊಮ್ಮಗಳೇನ್ರಿ?” ಎಂದರು ಮಾಸ್ತರು. “ಎಮ್ಮಿ ಕಾಯತೈತ್ರಿ ಅದು. ಓದಿದ್ರ ಅವ್ವನಂಗ ಆಗತೈತಂತ ಸಾಲೀಗೇ ಹಾಕಿಲ್ಲ.”

“ಅವರವ್ವಗ ಓದಾಕ ಬರತಿದ್ದಿಲ್ಲರಿ,” ಎಂದು ಸಿದ್ದಕ್ಕ ಎದ್ದು ಬಂದಳು.

ಸಂಜೆ ಬಂಗಲೆಯ ಹಿತ್ತಲಲ್ಲಿ ಗೌರವ್ವ ಬೂದಿಗೈಯಲ್ಲೇ ಓಡಿ ಬಂದಳು. “ಸಾಲ್ಯಾಗ ಎಷ್ಟನೇತ್ತಾ ಅದಾಳ್ರಿ ನನ್ನ ಮಗಳು?”

ಸಿದ್ದಕ್ಕ ಅವಳ ಬೂದಿಗೈಯನ್ನೇ ನೋಡುತ್ತ ಹೇಳಿದಳು: “ನಾಕನೇತ್ತಾ.”

“ಅಂದ್ರ ಈಗ ಓದತಾಳ!” ಗೌರವ್ವ ಗಡಬಡಿಸಿ ಕೈ ಒರೆಸಿಕೊಂಡಳು. “ಕಳಸ್ರಿ ಅಕ್ಕೋರ, ಆ ಹಾಳಿ. ನಾಳೇನ ಕಳಸ್ರಿ.”