ಬಟರ್ ಪೇಪರಿನಲ್ಲಿ ಸಿನಾಯ್ ಬಂಡೆ

ಲಂಡನ್ನಿನ ವೆಂಬ್ಲಿಯಲ್ಲಿ ನಮ್ಮ ಮೇಲಿನ ಫ್ಲಾಟಿನಲ್ಲಿದ್ದ ಉಡುಪಿಯ ಟೀಚರ್ ಭಾನುವಾರ ಚರ್ಚಿನ ಮಕ್ಕಳಿಗೆ ಬೈಬಲ್ ಕಲಿಸುತ್ತಿದ್ದರು. ಉಳಿದ ದಿನ ಸಿನಾಯ್ ಮರುಭೂಮಿಯ ಬಂಡೆಬರಹಗಳ ಫೋಟೊಗಳ ಮೇಲೆ ಬಟರ್ ಪೇಪರ್ ಹಾಸಿ, ಅಕ್ಷರಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ಮಸುಕಾದ ಅಕ್ಷರವನ್ನು ನಾನು ಊಹಿಸಿದರೆ, "ಕಲ್ಲು ಹೇಳಿದಷ್ಟೇ ಹೇಳಬೇಕು ಮಾರಾಯ್ರೇ" ಎನ್ನುವರು.

ಬೈಬಲಿನ ಮೋಶೆಯ ಜೊತೆ ಈಜಿಪ್ಟ್ ಬಿಟ್ಟು ಬಂದವರೇ ಅವನ್ನು ಕೆತ್ತಿದ್ದೆಂದು ಅವರು ವರ್ಷಗಟ್ಟಲೆ ಕಲಿಸಿದ್ದರು. ಚರ್ಚಿನ ಹಾಲ್‌ನಲ್ಲಿ ಒಂದು ಬಂಡೆಬರಹದ ನಕಲು ಅಂಟಿಸಿ ಹಾಗೆಂದು ಬರೆದ ಅವರದೇ ಚಾರ್ಟ್ ಇತ್ತು. ಲಿಪಿ ಓದಲು ಕಲಿತ ಮೇಲೆ ತಿಳಿಯಿತು, ಅವು ಎಷ್ಟೋ ಶತಮಾನಗಳ ನಂತರ ಒಂಟೆ ಹೊಡೆದುಕೊಂಡು ಹೋದವರ ಬರಹ.

"ಸುಮ್ಮನಿದ್ದುಬಿಡಿ. ಇನ್ನು ಮಕ್ಕಳು ನಿಮ್ಮನ್ನು ನಂಬ್ತಾರಾ?" ಎಂದೆ.

"ಇಷ್ಟು ದಿನ ನಂಬಿದ್ದಾರಲ್ಲ, ಅದಕ್ಕೇ ಹೇಳಬೇಕು."

ಆ ಭಾನುವಾರ ಸ್ಟೂಲ್ ಹಿಡಿಯಲು ನಾನೂ ಹೋಗಿದ್ದೆ. ಟೀಚರ್ ಚಾರ್ಟ್ ಇಳಿಸಿ, "ನಾನು ತಪ್ಪು ಕಲಿಸಿದೆ. ಇದು ಮೋಶೆಯ ಜನ ಬರೆದದ್ದಲ್ಲ, ಒಂಟೆಯವರದು" ಎಂದರು.

"ಹಾಗಾದ್ರೆ ವಾಟ್ ಡಸ್ ಇಟ್ ಸೇ, ಮಿಸ್?" ಎಂದಳು ಒಬ್ಬಳು.

ಟೀಚರ್ ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದರು. ಒಬ್ಬನ ಹೆಸರು, ಅವನಪ್ಪನ ಹೆಸರು, ಅವೆರಡಕ್ಕೂ ಮೊದಲು "ಶಾಂತಿ" ಎಂಬ ಹಾರೈಕೆ.

ಚರ್ಚಿನ ಪೂಜೆಯಲ್ಲಿ ಪಾದ್ರಿಗಳು ಶಾಂತಿ ಕೋರಿದಾಗ ಕೊಡುವ "ನಿಮ್ಮೊಂದಿಗೂ ಇರಲಿ" ಎಂಬ ಉತ್ತರವನ್ನೇ ಮಕ್ಕಳು ಅಭ್ಯಾಸದಂತೆ ಒಟ್ಟಾಗಿ ಹೇಳಿದರು. ಟೀಚರ್ ಮೋಶೆಯ ಹೆಸರು ಹೊಡೆದುಹಾಕಿ, ಒಂಟೆಯವನ ಹೆಸರು ಬರೆದು, ಚಾರ್ಟನ್ನು ಅದೇ ಮೊಳೆಗೆ ತೂಗುಹಾಕಿದರು.